ಅತ್ತೆಗೆ ಬಾರದ ಪದ

ನಮ್ಮ ಯಲ್ಲಕ್ಕ ಅತ್ತೆಯ ದನಿ ಕಳುವಾಗಿದೆ ಎಂದು ನಮಗೆ ಗೊತ್ತಾದದ್ದು ಒಂದು ಕಬ್ಬಿನ ಟ್ರ್ಯಾಕ್ಟರಿನಿಂದ.

ಅತ್ತೆ, ನಾನು, ನನ್ನ ಅಪ್ಪ ದುಂಡೇಶ ಮೂವರೂ ಅನಗವಾಡಿಯಿಂದ ಬಾಡಗಂಡಿಗೆ ಮದುವೆಗೆಂದು ಹೊರಟಿದ್ದೆವು. ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ರಸ್ತೆ ತುಂಬ ಟ್ರ್ಯಾಕ್ಟರುಗಳ ಸಾಲು; ಬಸ್ಸು ನಿಂತಲ್ಲೇ ನಿಂತಿತು. ನಮ್ಮ ಕಡೆಯ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಎಂಜಿನ್ನಿಗಿಂತ ಸೌಂಡ್ ಬಾಕ್ಸಿನದೇ ಸದ್ದು ಜಾಸ್ತಿ. ಕಿಟಕಿಯ ಪಕ್ಕಕ್ಕೆ ಬಂದು ನಿಂತ ಒಂದರಲ್ಲಿ ಎದೆಗೆ ಗುದ್ದುವಂಥ ಡಿಜೆ ಬಡಿತ, ಆ ಬಡಿತದ ನಡುವೆ ಒಬ್ಬ ಹೆಂಗಸಿನ ದನಿ.

"ಹಾಲಿಲ್ಲದ ಎದಿಗೆ ತಮ್ಮನ್ನ ಅವಚಿದಳೋ ಅಕ್ಕ,
ಕಣ್ಣೀರ ಕುಡಿಸಿ ಕೂಸಿನ ಜೀವಾ ಹಿಡಿದಳೋ..."

ಅಪ್ಪ ಸೀಟಿನಿಂದ ಅರ್ಧ ಎದ್ದ. "ಯಕ್ಕಾ, ಇದು ನಿನ್ನ ದನಿ."

ಅತ್ತೆ ಕಿವಿಗೊಟ್ಟು ಕೇಳಿದಳು. ಹೌದು, ಅವಳದೇ. ಮೇಲಿನ ಸ್ವರಕ್ಕೆ ಹೋಗುವಾಗ ಅವಳ ದನಿ ಒಂದು ಕೂದಲೆಳೆಯಷ್ಟು ಒಡೆಯುತ್ತದೆ. ಆ ಒಡಕೂ ಅದರಲ್ಲಿತ್ತು. ಇಲ್ಲದ್ದು ಒಂದೇ, ಕೊನೆಯ ಸಾಲು. "ಹೊಳಿದಂಡಿ ಅನಗವಾಡಿ ಬೀರಪ್ಪ ಬಲ್ಲ" ಎಂದು ಪದ ಮುಗಿಯಬೇಕಾದಲ್ಲಿ ಯಾವನೋ ಒಬ್ಬ ಗಂಡಸು ಒಂದು ಆಡಿಯೋ ಕಂಪನಿಯ ಹೆಸರನ್ನು ಕೂಗಿದ. ಅತ್ತೆಗೆ ಮೊದಲು ಖುಷಿಯೇ ಆಯಿತು. ಪಾಪ, ಟ್ರ್ಯಾಕ್ಟರ್ ಡ್ರೈವರನಿಗೆ ಕೈ ಬೀಸಿದಳು. ಅವನು ಇವಳ್ಯಾರೋ ಮುದುಕಿ ಎಂದು ಇನ್ನಷ್ಟು ವಾಲ್ಯೂಮ್ ಏರಿಸಿದ.

ನನಗೆ ಖುಷಿಯಾಗಲಿಲ್ಲ. ನನ್ನ ಹೆಸರು ಉಮಾಶ್ರೀ. ಬಾಯಿ ಜೋರು ಎಂದು ಮನೆಯಲ್ಲಿ ಹೆಸರು ತೆಗೆದುಕೊಂಡವಳು. ಬೀಳಗಿಯಲ್ಲಿ ಬಿ.ಎ. ಮುಗಿಸಿ, ಅತ್ತೆಯ ಡೊಳ್ಳಿನ ಪದದ ಮೇಳದಲ್ಲಿ ಹಿಮ್ಮೇಳ ಹಾಡುತ್ತೇನೆ. ಅಪ್ಪ ಡೊಳ್ಳು ಬಾರಿಸುತ್ತಾನೆ. ಅವನು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ತೀರಿಕೊಂಡಳು, ಬೆಳೆಸಿದವಳು ಅಕ್ಕ. ಬೀರಪ್ಪನನ್ನು ಅವನ ಅಕ್ಕ ಮಾಯವ್ವ ಸಾಕಿದ ಆ ಪದವನ್ನು ಯಲ್ಲಕ್ಕ ಹಾಡಿದರೆ ಕುರಿ ಕಾಯುವ ಮುದುಕರೂ ಕಂಬಳಿಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಸುತ್ತಲ ಊರುಗಳಲ್ಲಿ ಅದಕ್ಕೆ ಯಲ್ಲಕ್ಕನ ಪದ ಎಂದೇ ಹೆಸರು. ಅವಳು ಮಾತ್ರ ಹಾಗೆ ಕರೆಯಲು ಯಾರಿಗೂ ಬಿಡುತ್ತಿರಲಿಲ್ಲ.

ಹಿಂದೆ ಹಾಡಿಕೆಗೆ ಕರೆಯುವವರು ಮನೆಗೆ ಬಂದು ವೀಳ್ಯ ಕೊಟ್ಟು ಹೋಗುತ್ತಿದ್ದರು. ಈಗ ಫೋನಿನಲ್ಲಿ ನೋಡಿ, ಫೋನಿನಲ್ಲೇ ಕರೆಯುತ್ತಾರೆ. ಅದಕ್ಕೇ ನಾನು ಅತ್ತೆಯ ಹೆಸರಿನಲ್ಲಿ ಒಂದು ಚಾನೆಲ್ ತೆರೆದಿದ್ದೆ. ವಿಡಿಯೋ ಹಾಕಲು, ನೋಡಲು ಎಲ್ಲರಿಗೂ ಇರುವುದು ಅದೊಂದೇ ದೊಡ್ಡ ಕಂಪನಿ. ಹೆಸರೂ ಹೇಳುವುದು ಬೇಡ. ನಿಮ್ಮ ಫೋನಿನಲ್ಲೂ ಅಂಥದೊಂದು ಇದೆ. ಅದರಲ್ಲಿ ಕಾಣದ ಮೇಳ ಇಲ್ಲದ ಮೇಳಕ್ಕೆ ಸಮ.

ಮದುವೆಯಿಂದ ಬಂದ ವಾರದಲ್ಲೇ ಆ ಪದದ ವಿಡಿಯೋ ಮಾಯವಾಯಿತು. ಅದರ ಜಾಗದಲ್ಲಿ ಒಂದು ಕಪ್ಪು ಚೌಕ. ಅದರ ಕೆಳಗೆ, ಈ ವಿಡಿಯೋದಲ್ಲಿರುವ ಧ್ವನಿ ಬೇರೊಬ್ಬರ ಸ್ವತ್ತು, ನಿಮಗೆ ಇದು ಮೊದಲ ಎಚ್ಚರಿಕೆ, ಮೂರಾದರೆ ಚಾನೆಲ್ ಮುಚ್ಚಲಾಗುವುದು ಎಂಬ ಬರಹ. ಡಿಜೆ ಮಾಡಿದ ಆಡಿಯೋ ಕಂಪನಿ ತನ್ನ ಹಾಡನ್ನು ಮೊದಲು ಆ ದೊಡ್ಡ ಕಂಪನಿಯ ಯಂತ್ರಕ್ಕೆ ಒಪ್ಪಿಸಿತ್ತು. ಯಂತ್ರ ನಮ್ಮ ವಿಡಿಯೋ ಕೇಳಿತು, ಎರಡರಲ್ಲೂ ಒಂದೇ ದನಿ ಇದೆ ಎಂದು ಕಂಡುಹಿಡಿಯಿತು. ಅಲ್ಲಿಯವರೆಗೆ ಅದರ ಬುದ್ಧಿಗೆ ಏನೂ ಕೊರತೆಯಿರಲಿಲ್ಲ. ದನಿ ಯಾರ ಗಂಟಲಿನಿಂದ ಬಂದದ್ದು ಎಂದು ಕೇಳುವ ಬುದ್ಧಿಯನ್ನು ಮಾತ್ರ ಯಾರೂ ಅದಕ್ಕೆ ಕಲಿಸಿರಲಿಲ್ಲ.

ತಕರಾರು ಸಲ್ಲಿಸಲು ಒಂದು ದಾರಿ ಇತ್ತು. ಅಡುಗೆ ಮನೆಗೆ ಹೋಗಿ ಕೂತೆ. ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಫೋನಿನಲ್ಲಿ ಪ್ರಶ್ನೆ ಮೂಡಿತು, ಕನ್ನಡದಲ್ಲೇ, ಆದರೆ ಯಾವ ಊರಿನವರೂ ಆಡದ ಕನ್ನಡದಲ್ಲಿ: "ಈ ವಿಷಯದ ಮಾಲೀಕತ್ವವನ್ನು ನೀವು ಹೊಂದಿರುವಿರಾ?" ಕೆಳಗೆ ಎರಡು ಗುಂಡಿ. ಹೌದು, ಇಲ್ಲ.

"ಏನ ಕೇಳಾಕತ್ತಾರಬೇ?" ಎಂದಳು ಅತ್ತೆ.

"ಈ ಪದಾ ನಿಂದೇನು ಅಂತ ಕೇಳಾಕತ್ತಾರ. ಹೌದು ಅಂತ ಒತ್ತತೇನಿ."

ರೊಟ್ಟಿಯ ಮೇಲೆ ಅವಳ ಕೈ ನಿಂತಿತು. "ನಂದು ಹ್ಯಾಂಗ ಆಗತೈತಿ? ಅದು ಗುರುವಿನ ಪದಾ."

"ಗುರು ಗಿರಿಮಲ್ಲಪ್ಪ ಈಗ ಬದುಕಿಲ್ಲತ್ತಿ. ಆಂವಗ ಮಕ್ಕಳೂ ಇಲ್ಲ. ನಿನಗ ಕಲಸಿ ಹೋದ. ನಿಂದ ಆತು."

"ಆಂವ ಇದ್ದಾಗನೂ ತಂದು ಅಂದಾಂವಲ್ಲ. ಬೀರಪ್ಪ ಕೊಟ್ಟ, ನಾ ಬಾಯಿ ತಗದ್ನಿ, ಅಷ್ಟ ಅಂತಿದ್ದ."

"ಹಂಗಾದ್ರ ಬೀರಪ್ಪಂದು ಅಂತ ಬರೀಲೇನು? ಆತನ ಆಧಾರ್ ಕಾರ್ಡ್ ತರ್ರಿ ಅಂತಾರ ನೋಡು."

ಅವಳು ನಗಲಿಲ್ಲ. ನಮ್ಮ ಹಾಡಿಕೆಯ ಮೇಳಗಳಲ್ಲಿ ಒಂದು ಕಟ್ಟುಪಾಡಿದೆ. ಪದ ಕಟ್ಟಿದವನು ಕೊನೆಯಲ್ಲಿ ಊರಿನ ಹೆಸರು, ದೇವರ ಹೆಸರು ಹಾಕುತ್ತಾನೆ; ತನ್ನದು ಹಾಕುವುದಿಲ್ಲ. ಲಗಮಣ್ಣ ಎಂಬ ಒಬ್ಬ ಒಳ್ಳೆಯ ಹಾಡುಗಾರ ಒಮ್ಮೆ ತುಂಬಿದ ಸಭೆಯಲ್ಲಿ ಇದು ನನ್ನ ಪದ ಎಂದುಬಿಟ್ಟ. ಗುರು ಅವನ ಹೆಗಲಿನಿಂದ ಡೊಳ್ಳು ಇಳಿಸಿದ. ಕಾಲಿಗೆ ಬಿದ್ದರೂ ಮತ್ತೆ ಏರಿಸಲಿಲ್ಲ. ಆಗ ಆ ಮೇಳದಲ್ಲಿ ಹಿಮ್ಮೇಳಕ್ಕೆ ನಿಂತಿದ್ದ ಹುಡುಗಿ ನಮ್ಮ ಅತ್ತೆ.

"ದೇವರ ಪದಾ ನಂದು ಅಂದ ಬಾಯಿಲೆ ಮತ್ತ ಹ್ಯಾಂಗ ಹಾಡ್ಲಿ?" ಎಂದಳು. "ಇಲ್ಲ ಅನ್ನು. ಅನಗವಾಡಿ ಬೀರಪ್ಪನ ಪದಾ ಐತಿ, ಯಾರರೇ ಹಾಡಬಹುದು, ಯಾರೂ ಬ್ಯಾಡ ಅನಬಾರದು ಅಂತ ಕೆಳಗ ಬರಿ. ಅವರೂ ಮನಶ್ಯಾರ ಅದಾರ, ತಿಳಕೋತಾರ."

"ಅಲ್ಲಿ ಮನಶ್ಯಾರಿಲ್ಲ. ಬರಿಯಾಕ ಜಾಗಾನೂ ಇಲ್ಲ. ಹೌದು, ಇಲ್ಲ, ಎರಡ ಅದಾವ."

"ಎರಡರಾಗ ಖರೇದು ಯಾವುದೋ ಅದನ್ನ ಒತ್ತು."

ನಾನು ಒತ್ತಲಿಲ್ಲ. ಅವಳು ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಇಲ್ಲ ಎಲ್ಲೈತಿ, ಇದ ಹೌದಿಲ್ಲೋ" ಎಂದು ಕೇಳಿ, ಹಿಟ್ಟು ಹತ್ತಿದ ಬೆರಳಿನಿಂದ ಒತ್ತಿಬಿಟ್ಟಳು. ಫೋನು ನಮಗೆ ಧನ್ಯವಾದ ಹೇಳಿತು, ನಿಮ್ಮ ತಕರಾರು ಮುಕ್ತಾಯವಾಗಿದೆ ಎಂದಿತು. ನನಗೆ ಅವತ್ತು ಅವಳ ಮೇಲೆ ಬಂದ ಸಿಟ್ಟು ಎಂಥದೆಂದರೆ, ರೊಟ್ಟಿಯನ್ನೂ ತಿನ್ನದೆ ಎದ್ದು ಹೋದೆ. ಆಡಿಯೋ ಕಂಪನಿಯ ಯಾವನೋ ಇದೇ ಪ್ರಶ್ನೆಗೆ ಹೌದು ಎಂದು ಒತ್ತಿ ಚಹಾ ಕುಡಿಯಲು ಹೋಗಿದ್ದಾನೆ. ಇಲ್ಲಿ ನಮ್ಮವಳು ಹರಿಶ್ಚಂದ್ರನ ತಂಗಿಯ ಹಾಗೆ ಕೂತಿದ್ದಾಳೆ ಎಂದು ಹೊಟ್ಟೆ ಉರಿಯಿತು.

ಆ ಪದವನ್ನು ಅತ್ತೆ ಬೇರೆ ಬೇರೆ ಊರಿನಲ್ಲಿ ಹಾಡಿದ ವಿಡಿಯೋಗಳು ಇನ್ನೂ ಇದ್ದವು. ಯಂತ್ರ ಒಂದೊಂದನ್ನೇ ಹೆಕ್ಕಿತು. ಮೂರನೆಯದಕ್ಕೆ ಚಾನೆಲ್ಲೇ ಹೋಯಿತು. ಅದರ ಜೊತೆ ಈ ಜಗಳಕ್ಕೆ ಸಂಬಂಧವೇ ಇಲ್ಲದ ಉಳಿದ ಪದಗಳೂ ಹೋದವು. ಮನೆ ಬಾಡಿಗೆಯದಾದರೂ ಖಾಲಿ ಮಾಡಿಸುವವನು ಬಾಗಿಲಿಗೆ ಬಂದು ಒಂದು ಮಾತು ಹೇಳುತ್ತಾನೆ, ಪಾತ್ರೆ ಪಗಡೆ ತೆಗೆದುಕೊಳ್ಳಲು ಬಿಡುತ್ತಾನೆ. ನಮಗೆ ಅಷ್ಟೂ ಇರಲಿಲ್ಲ.

ಆಮೇಲೆ ಕೇಳಿದ ಮಾತುಗಳು ಅದಕ್ಕಿಂತ ಕಹಿ. ಬೀಳಗಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳು ಕಾಲೇಜು ಹುಡುಗಿ ಬಂದು, "ಅಕ್ಕಾರ, ನೀವು ಡಿಜೆ ಪದಾ ಥೇಟ್ ಅದರಂಗ ಹಾಡ್ತೀರಂತಲ್ಲರಿ" ಎಂದಳು. ನಮ್ಮ ಊರಿನವನೇ ಒಬ್ಬ ಅಪ್ಪನನ್ನು ಕೇಳಿದ: "ಯಾರದೋ ಪದಾ ಕದ್ದಿದ್ದಕ್ಕ ನಿಮ್ಮ ಚಾನೆಲ್ ಬಂದ್ ಮಾಡ್ಯಾರಂತ, ಖರೇ ಏನು?" ಅಪ್ಪ ಮಾತಾಡುವ ಮನುಷ್ಯನಲ್ಲ, ಡೊಳ್ಳಿನ ಮೇಲೆ ಮಾತ್ರ ಅವನ ಮಾತು. ಮನೆಗೆ ಬಂದು ಡೊಳ್ಳಿಗೆ ಬಟ್ಟೆ ಮುಚ್ಚಿಟ್ಟ. ಸುಗ್ಗಿ ಮುಗಿದ ಮೇಲೆ ಬರಬೇಕಾಗಿದ್ದ ಕರೆಗಳಲ್ಲಿ ಒಂದೂ ಬರಲಿಲ್ಲ.

ಸಾಕ್ಷಿಗೆಂದು ಗುರುವಿನ ಹಳೆಯ ಹಾಡಿಕೆ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಒಂದೇ ಒಂದು ಸಿಕ್ಕಿತು, ಸಾವಳಗಿಯ ಬೀರೇಶ್ವರ ಗುಡಿಯವರ ಚಾನೆಲ್ಲಿನಲ್ಲಿ. ಗಿರಿಮಲ್ಲಪ್ಪ ಕಣ್ಣು ಮುಚ್ಚಿ, ಕಿವಿಗೆ ಕೈ ಹಚ್ಚಿ ಹಾಡುತ್ತಾನೆ. ಆದರೆ ಬೇರೆ ಪದ. ಸಾಕ್ಷಿಗೆ ಬರಲಿಲ್ಲ. ಅತ್ತೆ ಅದನ್ನೇ ನನ್ನ ಫೋನಿನಲ್ಲಿ ಮತ್ತೆ ಮತ್ತೆ ಹಚ್ಚಿಸಿಕೊಂಡು ನೋಡಿದಳು. "ದನಿ ಉಳದೈತಿ ನೋಡು" ಎಂದು ಕಣ್ಣೊರೆಸಿಕೊಂಡಳು. ಗುರು ಸತ್ತ ಮೇಲೆ ಅವನ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು.

ಕೊನೆಗೆ ನಾನೇ ಹಟ ಮಾಡಿ ಇಬ್ಬರನ್ನೂ ಜಮಖಂಡಿಗೆ ಕರೆದುಕೊಂಡು ಹೋದೆ. ಪೇಟೆಯಲ್ಲಿ ಮೊಬೈಲ್ ಅಂಗಡಿಯ ಮಾಳಿಗೆಯ ಮೇಲೆ ಅಮೋಲನ ಸ್ಟುಡಿಯೋ. ಬೀಳಗಿಯಲ್ಲಿ ಒಂದು ಹಾಡಿಕೆಗೆ ಬಂದು, ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ಬಾಯಿಯ ಮುಂದೆ ಛಲೋ ಮೈಕ್ ಹಿಡಿದು ಪದ ತುಂಬಿಕೊಂಡು ಹೋದವನು ಇವನೇ. ನಮ್ಮನ್ನು ಕಂಡದ್ದೇ ಕುರ್ಚಿ ಒರೆಸಿದ, ಚಹಾ ತರಿಸಿದ. ನಾವಿನ್ನೂ ಬಾಯಿ ತೆರೆದಿರಲಿಲ್ಲ, "ನಾ ಏನೂ ಕದ್ದಿಲ್ಲರಿ ಅಕ್ಕಾರ" ಎಂದ. ಕುಂಬಳಕಾಯಿ ಕಳ್ಳ ಎಂದು ನಾವು ಕರೆಯುವುದರೊಳಗೇ ಹೆಗಲು ಮುಟ್ಟಿ ನೋಡಿಕೊಂಡ.

"ನಾ ಇಲ್ಲಿ ಆಡಿಯೋ ಕಂಪನಿಗೆ ಕೊಟ್ಟೆ" ಎಂದ. "ಅವರು ಮುಂಬೈದವರಿಗೆ ಕೊಟ್ರು. ಮುಂಬೈದವರು ದೊಡ್ಡ ಕಂಪನಿ ಮಿಷನ್ನಿಗೆ ಹಾಕಿದ್ರು. ಈಗ ಮಿಷನ್ ತಾನ ಕೇಳತೈತಿ, ತಾನ ತಗೀತೈತಿ. ಯಾರ ಕಾಲ ಹಿಡೀಲಿ ನಾ?"

"ಆ ದೊಡ್ಡ ಕಂಪನಿ ಫೋನ್ ನಂಬರ್ ಕೊಡು. ನಾ ಮಾತಾಡತೇನಿ" ಎಂದೆ.

"ತಂಗಿ, ಅಲ್ಲಿ ಫೋನ್ ಎತ್ತವರ ಇಲ್ಲ."

"ಹಂಗಾದ್ರ ಅವರನ್ನ ಬಿಟ್ಟು ಬ್ಯಾರೆ ಕಡೆ ಹಾಕ್ತೀವಿ."

"ಹಾಕ್ರಿ. ಯಾರ ನೋಡ್ತಾರ? ಊರಿಗೆಲ್ಲ ಒಂದ ಭಾಂವಿ ಐತಿ, ಆ ಭಾಂವಿ ಅವರದೈತಿ. ಅವರು ಹಗ್ಗಾ ಕೊಟ್ರ ನೀರು, ಇಲ್ಲಂದ್ರ ಇಲ್ಲ." ಅದನ್ನು ಅವನು ನಮ್ಮನ್ನು ಹೆದರಿಸಲು ಹೇಳಲಿಲ್ಲ. ಅವನೂ ಅದೇ ಬಾವಿಗೆ ಕೊಡ ಹಿಡಿದು ನಿಂತವನು.

ಆಮೇಲೆ ಅಮೋಲ ಒಂದು ದಾರಿ ತೋರಿಸಿದ. ಅತ್ತೆ ಸ್ಟುಡಿಯೋಕ್ಕೆ ಬಂದು ಆ ಪದವನ್ನು ಪೂರ್ತಿ ಹಾಡಬೇಕು. ಪದ ಕಂಪನಿಯದು ಎಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು. ವಿಡಿಯೋದ ಕೆಳಗೆ ಅವಳ ಹೆಸರು ಬರುತ್ತದೆ, ಫೋಟೋನೂ ಬರುತ್ತದೆ. ಮತ್ತೆ ಯಾರೂ ತೆಗೆಯುವುದಿಲ್ಲ. ನನಗೆ, ಖರೆ ಹೇಳಬೇಕೆಂದರೆ, ಆಸೆಯಾಯಿತು. ಅಪ್ಪನೂ ಅಕ್ಕನ ಮುಖ ನೋಡಿದ.

"ನಂದಲ್ಲದ್ದನ್ನ ನಿನಗ ಹ್ಯಾಂಗ ಬರದುಕೊಡ್ಲೋ ತಮ್ಮಾ?" ಎಂದಳು ಅತ್ತೆ.

ಅಮೋಲ ಚಹಾದ ಲೋಟ ಕೆಳಗಿಟ್ಟ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ನಿಮ್ಮದಲ್ಲ ಅಂತ ನೀವ ಹೇಳ್ತೀರಿ. ಮತ್ತ ತಕರಾರು ಯಾತರದ್ದರಿ ಅಕ್ಕಾರ?"

ನಮ್ಮ ಉತ್ತರವನ್ನು ಇಡಲು ಅವನ ಲೋಕದಲ್ಲಿ ಜಾಗವಿರಲಿಲ್ಲ. ಎಲ್ಲರದ್ದಾದ ವಸ್ತು ಎಂದರೆ ಅವನಿಗೆ ಇನ್ನೂ ಯಾರೂ ಎತ್ತಿಕೊಳ್ಳದ ವಸ್ತು. ಮೆಟ್ಟಿಲಿಳಿಯುವಾಗ ಅತ್ತೆ, "ಹುಡುಗ ಕೆಟ್ಟಾಂವಲ್ಲ" ಎಂದಳು. ನನಗೆ ಅವಳ ಒಳ್ಳೆಯತನ ಸಾಕುಸಾಕಾಗಿತ್ತು.

ಅದಾಗಿ ಬಹಳ ದಿನಕ್ಕೆ ಸಾವಳಗಿಯಿಂದ ಕರೆ ಬಂತು. ಗುಡಿಯ ಕಮಿಟಿಯ ಹಿರಿಯ ಚನಮಲ್ಲಪ್ಪ, ಕಿರಾಣಿ ಅಂಗಡಿಯ ಸಾವುಕಾರ, ತಾವೇ ನಮ್ಮ ಮನೆಗೆ ಬಂದರು. ಜಾತಿಯಿಂದ ಲಿಂಗಾಯತರಾದರೂ ನಮ್ಮ ಬೀರಪ್ಪನಿಗೆ ನಡೆದುಕೊಳ್ಳುವವರು, ಗುರುವಿನ ಗೆಳೆಯರು. "ಫೋನ್ಯಾಗ ಕರದ್ರ ನಿಮಗ ಅವಮಾನ ಆಗಬಾರದಂತ ನಾನ ಬಂದೆ" ಎಂದು ವೀಳ್ಯ ಕೊಟ್ಟರು. ಅಮಾವಾಸ್ಯೆಯ ದಿನ ಮಧ್ಯಾಹ್ನ ಹಾಡಿಕೆ, ಎದುರಿಗೆ ಮುಧೋಳದ ಕಡೆಯ ತಾಯವ್ವನ ಮೇಳ. ಅತ್ತೆ ಒಳಗೆ ಹೋಗಿ ಹಸಿರು ಇಳಕಲ್ ಸೀರೆ ತೆಗೆದು ಮಡಿಕೆ ಬಿಚ್ಚಿದಳು. ಅಪ್ಪ ಡೊಳ್ಳನ್ನು ಬಿಸಿಲಿಗೆ ಇಟ್ಟ.

ಸಾವಳಗಿಯಲ್ಲಿ ಗುಡಿಯ ಮುಂದಿನ ತಗಡಿನ ಚಪ್ಪರದಲ್ಲಿ ಜನ ಕೂತಿದ್ದರು, ಬಹಳ ಅಲ್ಲ. ಚನಮಲ್ಲಪ್ಪನವರ ಮಗ ಸಂಜಯ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದ್ದ. ಎಲ್ಲವೂ ಗುಡಿಯ ಚಾನೆಲ್ಲಿನಲ್ಲಿ ಲೈವ್. ಶುರುವಾಗುವ ಮೊದಲು ಎರಡೂ ಮೇಳದ ಮುಂದಾಳುಗಳು ದೇವರ ಮುಂದಿನ ಭಂಡಾರ ಹಣೆಗೆ ಹಚ್ಚಿಕೊಂಡು ಆಣೆ ಮಾಡುತ್ತಾರೆ: ಸವಾಲಿಗೆ ಜವಾಬು ಬಂದರೆ ಮುಚ್ಚಿಡುವುದಿಲ್ಲ, ಬರದಿದ್ದರೆ ಬಂತು ಎನ್ನುವುದಿಲ್ಲ. ಅತ್ತೆ ಆಣೆ ಮಾಡಿದಳು, ತಾಯವ್ವ ಮಾಡಿದಳು. ನಮ್ಮ ಹಾಡಿಕೆ ನಿಂತಿರುವುದೇ ಆ ಅರಿಸಿನದ ಪುಡಿಯ ಮೇಲೆ. ತೀರ್ಪು ಹೇಳಲು ಬೇರೆ ಯಾರೂ ಇರುವುದಿಲ್ಲ. ಸೋತವರು ತಾವೇ ಸೋತೆ ಎನ್ನಬೇಕು.

ತಾಯವ್ವ ಪದದಲ್ಲಿ ಹಾಕಿದ ಎರಡು ಸವಾಲಿಗೆ ಅತ್ತೆ ಪದದಲ್ಲೇ ಜವಾಬು ಕೊಟ್ಟಳು. ಅಷ್ಟು ದಿನ ಕಟ್ಟಿಹಾಕಿದ್ದ ದನಿ ಬಿಚ್ಚಿಕೊಂಡಿತು. ಅಪ್ಪನ ಡೊಳ್ಳಿಗೆ ಚಪ್ಪರದ ತಗಡು ನಡುಗುತ್ತಿತ್ತು. ಮುಂದೆ ಕೂತ ಮುದುಕರು ಭಲೆ ಭಲೆ ಎನ್ನುತ್ತಿದ್ದರು. ಇವಳಿಗೆ ಚಾನೆಲ್ ಯಾತಕ್ಕೆ ಬೇಕಿತ್ತು ಎಂದು ನಾನೂ ಒಂದು ಗಳಿಗೆ ಅಂದುಕೊಂಡೆ.

ಮೂರನೆಯ ಸವಾಲಿಗೆ ತಾಯವ್ವ ಎದ್ದಳು. ಅವಳಿಗೆ ನಮ್ಮ ಸುದ್ದಿ ಗೊತ್ತಿತ್ತು; ಅತ್ತೆಯ ಕಡೆ ನೋಡಿ ಸಣ್ಣಗೆ ನಕ್ಕಳು. ಆಮೇಲೆ ಎತ್ತಿದಳು:

"ಹಡೀಲಾರದ ತಾಯಿ ಆದಾಕಿ ಯಾರ ಹೇಳ,
ಹಸದ ಕೂಸಿಗೆ ಮೊದಲ ಕುಡಿಸಿದ್ದು ಏನ ಹೇಳ."

ಇದಕ್ಕೆ ಜವಾಬು ಅದೇ ಪದ. ಅತ್ತೆಯನ್ನು ಸೋಲಿಸಲು ಹಾಕಿದ ಸವಾಲಲ್ಲ ಅದು. ಕಳುವಾದ ಪದವನ್ನು ದೇವರ ಮುಂದೆ ತುಂಬಿದ ಸಭೆಯಲ್ಲಿ ಅವಳ ಬಾಯಿಂದಲೇ ಹಾಡಿಸಬೇಕೆಂದು ತಾಯವ್ವ ಬೇಕಂತಲೇ ಎತ್ತಿ ಕೊಟ್ಟದ್ದು. ಎದುರಾಳಿಯ ಅಂತಃಕರಣ ಕಂಡು ಅತ್ತೆ ಅವಳಿಗೆ ಕೈ ಮುಗಿದಳು. ಎದ್ದು ನಿಂತಳು. ಕಿವಿಗೆ ಕೈ ಹಚ್ಚಿದಳು. ಅಪ್ಪ ಕೋಲು ಎತ್ತಿದ.

ಸಂಜಯ ಕ್ಯಾಮೆರಾ ಬಿಟ್ಟು ಓಡಿ ಬಂದ. ಮೈಕಿನ ಮೇಲೆ ಕೈ ಮುಚ್ಚಿ, "ಯಲ್ಲಕ್ಕಾರ, ಆ ಪದಾ ಒಂದು ಬ್ಯಾಡರಿ" ಎಂದ.

"ಯಾಕಪ್ಪಾ?"

"ನಮ್ಮ ಚಾನೆಲ್ಲಿಗೆ ಆಗಲೇ ಎರಡು ಎಚ್ಚರಿಕಿ ಬಂದಾವರಿ. ಒಂದಂತೂ ಹಾದಿಯೊಳಗ ಹೊಂಟ ಟ್ರ್ಯಾಕ್ಟರ್ ಹಾಡಿಗೆ ಬಂತು. ಇನ್ನೊಂದು ಬಂದ್ರ ಪೂರಾ ಅಳಿಸಿ ಹಾಕ್ತಾರ."

"ಲೈವ್ ಬಂದ್ ಮಾಡು, ಇಲ್ಲಾ ದನಿ ತಗಿ. ಈ ಪದಾ ಆದಮ್ಯಾಲ ಹಚ್ಚು" ಎಂದು ನಾನು ಜಗಳಕ್ಕೆ ನಿಂತೆ.

ಅಷ್ಟರಲ್ಲಿ ಚನಮಲ್ಲಪ್ಪನವರೂ ಬಂದರು. ಅವರ ಮುಖ ಸಣ್ಣದಾಗಿತ್ತು. "ಹೋದ ವರ್ಷ ನಡುವ ದನಿ ಹೋದಾಗ, ಜವಾಬು ಕೇಳಲಿಲ್ಲ, ಮೋಸಾ ಮಾಡೀರಿ ಅಂತ ಫೋನಿನಾಗ ನೋಡವರು ಗದ್ದಲ ಎಬ್ಬಿಸಿದ್ರವ್ವಾ. ಇಲ್ಲಿ ಕುಂತವರು ಹಿಡಿಯಷ್ಟ ಮಂದಿ. ಮಿರಜ, ಸಾಂಗಲಿ, ಪುಣೆ, ದುಡಿಯಾಕ ಹೋದವರೆಲ್ಲ ಅದರಾಗ ಕುಂತಾರ. ಅವರ ಮಾರಿಮ್ಯಾಲ ಬಾಗಲಾ ಹ್ಯಾಂಗ ಹಾಕೂದು?"

"ದೇವರು ಇಲ್ಲಿ ಕುಂತಾನಲ್ಲರಿ ಸಾವುಕಾರ್ರ" ಎಂದೆ. ಅವರು ನನ್ನ ಕಡೆ ನೋಡಲಿಲ್ಲ.

ಅತ್ತೆ ಸಂಜಯನನ್ನು ಒಂದೇ ಮಾತು ಕೇಳಿದಳು. "ಅಳಿಸಿದ್ರ ಗುರುವಿಂದೂ ಹೊಕ್ಕೈತೇನು?"

"ಎಲ್ಲಾ ಹೊಕ್ಕಾವರಿ. ಗಿರಿಮಲ್ಲಜ್ಜಂದು, ತಾಯವ್ವನ ಅವ್ವಂದು, ಸತ್ತವರವು ಎಷ್ಟೋ ಅದಾವ. ತುಂಬಿದ್ದ ಹಳೇ ಫೋನು ಕೆಟ್ಟು ಹೋತು. ಅದರಾಗ ಅದಾವಲ್ಲ ಅಂತ ನಾವೂ ಸುಮ್ಮಕ ಬಿಟ್ಟಿದ್ವಿ. ಈಗಿಂದೀಗ ಅಷ್ಟನ್ನೆಲ್ಲ ಹ್ಯಾಂಗ ಇಳಿಸಿ ಇಟ್ಟಕೊಳ್ಳಲಿ?"

ಅತ್ತೆ ತಾಯವ್ವನ ಕಡೆ ನೋಡಿದಳು. ಅವಳು ಇನ್ನೂ ನಗುತ್ತಲೇ, ಹಾಡು ಹಾಡು ಎಂದು ಕೈ ಸನ್ನೆ ಮಾಡುತ್ತಿದ್ದಳು. ಈ ಸವಾಲಿಗೆ ಜವಾಬು ಕೊಟ್ಟರೆ ಅವಳ ಅವ್ವನ ದನಿ ಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಜನ ಗುಜುಗುಜು ಎನ್ನತೊಡಗಿದರು. ಹಿಂದಿನಿಂದ ಯಾರೋ, "ಏನ್ ಯಲ್ಲಕ್ಕ, ಮರತಿಯೇನ?" ಎಂದರು. ಅತ್ತೆ ಸಂಜಯನ ಕೈಯನ್ನು ಮೈಕಿನ ಮೇಲಿನಿಂದ ಸರಿಸಿದಳು. ನಾನು ಹಾಡುತ್ತಾಳೆ ಎಂದುಕೊಂಡೆ. ಬೀರಪ್ಪನ ಆಣೆಯಾಗಿಯೂ ಹಾಡಲಿ, ಹೋಗಲಿ ಎಲ್ಲಾ ಹಾಳಾಗಿ ಹೋಗಲಿ ಎಂದುಕೊಂಡೆ.

"ನನಗ ಬರೂದಿಲ್ಲ" ಎಂದಳು ಅತ್ತೆ.

ಅಪ್ಪನ ಕೈಯಿಂದ ಡೊಳ್ಳಿನ ಕೋಲು ಕೆಳಗೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

ತಾಯವ್ವನ ಮುಖದಲ್ಲಿ ನಗು ಹೋಯಿತು. "ಏನಂದಿ ಯಲ್ಲಕ್ಕ? ನಿನಗ ಬರೂದಿಲ್ಲ?"

"ಬರೂದಿಲ್ಲವ್ವಾ. ನೀ ಗೆದ್ದಿ."

ಅತ್ತೆಯ ಹಣೆಯ ಮೇಲೆ ಭಂಡಾರ ಹಾಗೇ ಇತ್ತು. ಸೋತವರಿಗೆ ಬಾರದಿದ್ದರೆ ಸವಾಲು ಹಾಕಿದವರು ತಾವೇ ಜವಾಬು ಹಾಡಿ ತೋರಿಸಬೇಕು, ಅದು ರೀತಿ. ತಾಯವ್ವ ಬಾಯಿ ತೆರೆಯುವ ಮೊದಲೇ ಸಂಜಯ ಅವಳ ಕಡೆ ಓಡಿ ಕೈ ಮುಗಿದು ಏನೋ ಹೇಳಿದ. ಅವಳು ಕೇಳಿಸಿಕೊಂಡಳು. ಆಮೇಲೆ ಯಾವುದೋ ಬೇರೆ ಪದ ಎತ್ತಿದಳು. ಎರಡನೆಯ ಸಾಲಿಗೇ ಅವಳ ತಾಳ ತಪ್ಪಿತು. ಹಸಿದ ಕೂಸಿಗೆ ಮೊದಲು ಏನು ಕುಡಿಸಿದರೆಂದು ಆ ದಿನ ಸಾವಳಗಿಯಲ್ಲಿ ಯಾರೂ ಹೇಳಲಿಲ್ಲ.

ತಿರುಗಿ ಬರುವಾಗ ಟೆಂಪೋ ಜಮಖಂಡಿ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಅವತ್ತ ಫೋನಿನಾಗ ಒಂದ ಸುಳ್ಳ ಹೇಳಿದ್ರ ಇದೆಲ್ಲಾ ತಪ್ಪತಿತ್ತತ್ತಿ" ಎಂದೆ. ಚುಚ್ಚಬೇಕೆಂದೇ ಅಂದೆ. ಯಂತ್ರಕ್ಕೆ ಸತ್ಯ ಹೇಳಿ ದೇವರಿಗೆ ಸುಳ್ಳು ಹೇಳಿದಳಲ್ಲ ಎಂದು ನನಗೆ ಅವಳ ಮೇಲೂ ಸಿಟ್ಟು, ಆ ದೇವರ ಮೇಲೂ ಸಿಟ್ಟು.

"ತಪ್ಪತಿತ್ತು" ಎಂದಳು ಅತ್ತೆ. ವಾದ ಮಾಡಲಿಲ್ಲ. ಅವಳು ವಾದ ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಸೀರೆಯ ಸೆರಗಿನಿಂದ ಹಣೆಯ ಭಂಡಾರ ಒರೆಸಿಕೊಂಡಳು. ಮರುದಿನ ಹಚ್ಚಿಕೊಳ್ಳಲಿಲ್ಲ, ಮುಂದೆಯೂ ಹಚ್ಚಿಕೊಳ್ಳಲಿಲ್ಲ. ಹಾಡಿಕೆಗೆ ಕರೆದರೆ, ಉಮಾಶ್ರೀನ ಕೇಳ್ರಿ ಎನ್ನುತ್ತಾಳೆ. ಕುರಿಹಟ್ಟಿಯಲ್ಲಿ ಒಬ್ಬಳೇ ಇದ್ದಾಗಲಾದರೂ ಗುನುಗುತ್ತಾಳೇನೋ ಎಂದು ನಾನು ಎಷ್ಟೋ ಸಲ ಗೋಡೆಯ ಮರೆಯಲ್ಲಿ ನಿಂತು ಕೇಳಿದ್ದೇನೆ. ಇಲ್ಲ.

ಗುರುವಿನ ವಿಡಿಯೋ ಉಳಿಯಿತು. ಅವತ್ತಿನ ಲೈವ್ ಕೂಡ ಉಳಿಯಿತು. ಅದರಿಂದ ಯಾರೋ ಒಂದು ತುಣುಕು ಕತ್ತರಿಸಿ, ಮೇಲೆ ನಗುವ ಮುಖಗಳನ್ನು ಅಂಟಿಸಿ ಹಾಕಿದ್ದಾರೆ. ಅತ್ತೆ ಎದ್ದು ನಿಂತು ಕಿವಿಗೆ ಕೈ ಹಚ್ಚುತ್ತಾಳೆ, ಆಮೇಲೆ ನನಗ ಬರೂದಿಲ್ಲ ಎನ್ನುತ್ತಾಳೆ, ಅಷ್ಟೇ ಇರುವುದು. ಅವಳು ಹಾಡಿದ ಯಾವ ಪದವನ್ನೂ ಇಷ್ಟು ಜನ ನೋಡಿರಲಿಲ್ಲ. ನಮ್ಮೂರ ಹುಡುಗರ ಫೋನಿನಲ್ಲೂ ಬಂದಿದೆ. ತೆಗೆಸಬೇಕೆಂದು ನಾನು ಆ ದೊಡ್ಡ ಕಂಪನಿಗೆ ಬರೆದೆ. ಪರಿಶೀಲಿಸಿದ್ದೇವೆ, ಈ ವಿಡಿಯೋದಲ್ಲಿ ಯಾರ ಹಕ್ಕಿನ ಉಲ್ಲಂಘನೆಯೂ ಕಂಡುಬಂದಿಲ್ಲ ಎಂದು ಉತ್ತರ ಬಂತು.